ಮಾಯಿ ಕಾದು ಕೂತ ಹೊಸ್ತಿನ ಊಟ

ಕಳೆದ ತಿಂಗಳು ಒಂದು ಭಾನುವಾರ ಹೋಟೆಲಿನಿಂದ ಮನೆಗೆ ಬಂದು ಅಂಗಳದಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮಳಿಯ ವಾಸನೆ ಮೂಗಿಗೆ ಬಡಿಯಿತು. ಮಳಿ ಅಂದರೆ ನಮ್ಮ ಹೊಳೆಯ ಕೆಸರಿನಲ್ಲಿ ಸಿಗುವ ಕಪ್ಪೆಚಿಪ್ಪು. ಹಸಿ ಮಳಿಗೆ ಉಪ್ಪುನೀರು, ಕೆಸರು ಎರಡೂ ಸೇರಿದ ಒಂದು ವಾಸನೆ ಇದೆ. ತಿನ್ನುವವರಿಗೆ ಬಾಯಲ್ಲಿ ನೀರೂರುತ್ತದೆ, ತಿನ್ನದವರು ಮೂಗು ಮುಚ್ಚಿಕೊಳ್ಳುತ್ತಾರೆ. ಹಿತ್ತಿಲ ಕಡೆ ಹೋಗಿ ನೋಡಿದರೆ ಮಗಳು ಒಬ್ಬಳೇ ಮೆಟ್ಟುಕತ್ತಿಯ ಮುಂದೆ ಕೂತು ಮಳಿ ಬಿಡಿಸುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ. ಒಂದು ಕಾಲು ಕತ್ತಿಯ ಮಣೆಯ ಮೇಲೆ, ಇನ್ನೊಂದು ಕಾಲು ಉದ್ದಕ್ಕೆ ಚಾಚಿ, ಸೊಂಟ ಒಂದಿಷ್ಟು ಎಡಕ್ಕೆ ವಾಲಿಸಿ... ಥೇಟು ಮಾಯಿ ಕೂರುತ್ತಿದ್ದ ಹಾಗೆ. ಹಾಗೆ ಕೂರಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಮಾಯಿ ನನ್ನ ಅಪ್ಪಯ್ಯನ ಅಕ್ಕ. ನಮ್ಮ ಕಡೆ ಸೋದರತ್ತೆಯನ್ನು ಕರೆಯುವುದೇ ಹಾಗೆ. ಹಾಲಾಡಿಯಿಂದ ಒಳಗೆ ಮೂರು ಮೈಲಿ ಹೋದರೆ ಅವಳ ಮನೆ. ಎಂಬತ್ತು ಹತ್ತಿರವಾಗಿದ್ದರೂ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟೇ ಬೇಕು, ತಿರುವು ಬಂದಾಗಲೆಲ್ಲ ಅವನಿಗೆ ನಿಧಾನ ಹೋಗು ಅಂತ ಹೇಳಲೇಬೇಕು. ಚೌತಿ, ಹೊಸ್ತು, ದೀಪಾವಳಿ ಮೂರಕ್ಕೂ ನಾವೆಲ್ಲ ಸೇರುತ್ತಿದ್ದುದು ಅವಳ ಮನೆಯಲ್ಲಿ. ಶಿರೂರಿನಿಂದ, ಬ್ರಹ್ಮಾವರದಿಂದ, ಕುಂದಾಪುರದಿಂದ ಎಲ್ಲರೂ ಬರುತ್ತಿದ್ದರು. ಹೆಮ್ಮಾಡಿಯಿಂದ ನಾನು, ಹೆಂಡತಿ, ಮಗಳು. ಹನ್ನೊಂದು ಗಂಟೆಯ ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಮಾಯಿ ಒಳಗಿನಿಂದಲೇ ಕೂಗುತ್ತಿದ್ದಳು: “ಹ್ವಾಯ್, ಹಬ್ಬಕ್ ಬಂದದ್ದಾ, ಉಂಡ್ ಹೋಪುಕ್ ಬಂದದ್ದಾ?” ಅವಳ ಬಾಯಿಗೆ ಹೆದರಿ ಎಲ್ಲರೂ ಎಂಟಕ್ಕೇ ಹಾಜರು. ಆಮೇಲೆ ಆ ಮನೆಯಲ್ಲಿ ಮಾತು, ನಗು, ಮಕ್ಕಳ ಕಿರುಚಾಟ, ಒಬ್ಬರನ್ನೊಬ್ಬರು ಕಿಚಾಯಿಸುವುದು... ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಅಷ್ಟು ಮಂದಿಯಲ್ಲಿ ಸದ್ದಿಲ್ಲದೆ ಇರುತ್ತಿದ್ದವಳು ನನ್ನ ಮಗಳು ಒಬ್ಬಳೇ.

ಅವಳಿಗೆ ಮಾತು ತಡೆಯುತ್ತಿತ್ತು. ಮೂರು ವರ್ಷದವರೆಗೆ ಚೆನ್ನಾಗಿಯೇ ಆಡುತ್ತಿದ್ದವಳು, ಆಮೇಲೆ ಯಾಕೋ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳತೊಡಗಿದಳು. ‘ನೀ... ನೀ...’ ಅನ್ನುವಷ್ಟರಲ್ಲಿ ನಾನು ‘ನೀರಾ ಮಗಾ?’ ಅಂತ ಲೋಟ ಹಿಡಿದು ನಿಂತಿರುತ್ತಿದ್ದೆ. ‘ಹೊ...’ ಅಂದರೆ ಹೆಂಡತಿ ‘ಹೊಟ್ಟೆ ಹಸೀತಾ?’ ಅಂತ ತಟ್ಟೆ ತರುತ್ತಿದ್ದಳು. ಶಾಲೆಯ ವ್ಯಾನಿನವನೂ ಅವಳ ಮಾತನ್ನು ಅರ್ಧದಲ್ಲೇ ಹಿಡಿದು ಮುಗಿಸುವಷ್ಟು ಪಳಗಿದ್ದ. ಎಲ್ಲರಿಗೂ ಅವಳ ಮೇಲೆ ಪ್ರೀತಿ. ಯಾರಿಗೂ ಅವಳು ಒದ್ದಾಡುವುದನ್ನು ನೋಡಲು ಆಗುತ್ತಿರಲಿಲ್ಲ.

ಇದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ನಾನು. ಅದು ನನ್ನ ಕಸುಬು. ಹತ್ತೊಂಬತ್ತಕ್ಕೆ ಮುಂಬೈಗೆ ಹೋಗಿ ಹೋಟೆಲ್ ಸೇರಿದವನು, ಈಗ ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ನನ್ನದೇ ಒಂದು ಇಟ್ಟುಕೊಂಡಿದ್ದೇನೆ. ಗಿರಾಕಿ ಕುರ್ಚಿ ಎಳೆಯುವ ರೀತಿ ನೋಡಿಯೇ ‘ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ!’ ಅಂತ ಒಳಗೆ ಕೂಗುವವನು ನಾನು. ನೂರಕ್ಕೆ ತೊಂಬತ್ತು ಸಲ ಅದು ಸರಿಯೇ ಇರುತ್ತದೆ. ಏಕಾದಶಿ ಮಾಡುವ ಒಬ್ಬರು ಹಿರಿಯರಿಗೆ ನೀರುಳ್ಳಿ ದೋಸೆ ಕಳಿಸಿ ಬೈಸಿಕೊಂಡದ್ದೂ ಉಂಟು. ಬಾಯಿ ತೆರೆದವರ ಮಾತು ಮುಗಿಯುವ ತನಕ ಕಾಯುವ ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಮಗಳನ್ನು ತೋರಿಸಲು ಹೋದಲ್ಲಿ ಮಾತಿನ ಡಾಕ್ಟರಮ್ಮ ‘ನೀವು ಅವಸರ ಮಾಡದೆ...’ ಅಂತ ಶುರು ಮಾಡಿದಾಗ, ಅವರು ಮುಗಿಸುವ ಮೊದಲೇ ‘ಇಲ್ಲ ಇಲ್ಲ, ನಾವು ಅವಸರ ಮಾಡುವುದೇ ಇಲ್ಲ’ ಅಂದವನು ನಾನು! ಅವರು ನನ್ನ ಹೆಂಡತಿಯ ಮುಖ ನೋಡಿದರು. ಅವಳು ನೆಲ ನೋಡಿದಳು.

ಆರನೇ ವರ್ಷಕ್ಕೆ ಬರುವಾಗ ಮಗಳು ಬೆರಳು ತೋರಿಸಲು ಶುರು ಮಾಡಿದ್ದಳು. ಬೇಕಾದ್ದನ್ನು ತೋರಿಸುವುದು, ಬೇಡದ್ದಕ್ಕೆ ತಲೆ ಆಡಿಸುವುದು, ಅಷ್ಟೇ. ಶಾಲೆಯಲ್ಲಿ ಟೀಚರು ‘ಒಳ್ಳೆ ಹುಡುಗಿ, ಗಲಾಟೆಯೇ ಇಲ್ಲ’ ಅಂತ ಮೆಚ್ಚಿಕೊಂಡು ಹೇಳಿದರು. ಇವಳು ಮಾತೇ ಬಿಟ್ಟುಬಿಟ್ಟರೆ? ಹೊರಗೆ ತೋರಿಸಿಕೊಳ್ಳದಿದ್ದರೂ ಆ ಹೆದರಿಕೆ ದಿನವೂ ಇತ್ತು.

ಆ ವರ್ಷ ಹೊಸ್ತಿಗೆ ಎಂದಿನಂತೆ ಮಾಯಿಯ ಮನೆಗೆ ಹೋದೆವು. ಹೊಸ್ತು ಅಂದರೆ ಹೊಸ ಅಕ್ಕಿಯ ಊಟದ ಹಬ್ಬ. ಗದ್ದೆಯಿಂದ ಕದಿರು ತಂದು, ಮಾವಿನೆಲೆ, ಹಲಸಿನೆಲೆ, ಬಿದಿರೆಲೆ ಸೇರಿಸಿ, ಬಾಗಿಲಿಗೆ, ಕಂಬಕ್ಕೆ, ಬಾವಿಕಟ್ಟೆಗೆ, ಈಗೀಗ ಕಾರಿಗೂ ಕಟ್ಟುತ್ತಾರೆ. ಆಮೇಲೆ ಹೊಸ ಅಕ್ಕಿ ಸೇರಿಸಿ ಮಾಡಿದ ಊಟ. ಅದನ್ನು ಸುಮ್ಮನೆ ಕೂತು ಉಣ್ಣುವ ಹಾಗಿಲ್ಲ. ಮೊದಲ ತುತ್ತಿಗೆ ಮೊದಲು ಹಿರಿಯರನ್ನು ಕೇಳಬೇಕು: ‘ನಾ ಹೊಸ್ತ್ ಉಂತೆ.’ ಹಿರಿಯರು ‘ಉಣ್’ ಅನ್ನಬೇಕು. ಆಮೇಲೆಯೇ ಕೈ ಎಲೆಗೆ. ಮಾಯಿಯ ಮನೆಯಲ್ಲಿ ಮಾತು ಬರುವ ಮಕ್ಕಳಲ್ಲಿ ಚಿಕ್ಕವರಿಂದ ಶುರುವಾಗಿ, ಮೇಲೆ ಹೋಗುತ್ತ ಹೋಗುತ್ತ, ಕೊನೆಗೆ ಮಾಯಿಯ ಹತ್ತಿರ ನಿಲ್ಲುತ್ತಿತ್ತು. ಮಾಯಿ ಕೇಳಬೇಕಾದವರು ಯಾರೂ ಉಳಿದಿರಲಿಲ್ಲ. ಅವಳು ಗೋಡೆಯ ಮೇಲಿನ ತನ್ನ ಅಮ್ಮನ ಫೋಟೋ ನೋಡಿ ಕೈ ಮುಗಿದು ಉಣ್ಣುತ್ತಿದ್ದಳು.

ಅದಕ್ಕೆ ಹಿಂದಿನ ವರ್ಷಗಳಲ್ಲಿ ಮಗಳು ಅಮ್ಮನ ತೊಡೆಯ ಮೇಲೆ ಕೂತು ಉಂಡಿದ್ದಳು, ಕೇಳುವ ಪ್ರಶ್ನೆಯೇ ಇರಲಿಲ್ಲ. ಆ ವರ್ಷ ಅವಳದೇ ಎಲೆ, ಅವಳಿಂದಲೇ ಶುರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸಾಲಾಗಿ ಕೂತಿದ್ದರು. ಎಲೆಯ ತುಂಬ ಹರಿವೆ, ಹೀರೆ, ಸೌತೆ, ಬೆಂಡೆ... ಮಗಳು ಸಾಲಿನ ಆ ತುದಿಯಲ್ಲಿದ್ದ ಮಾಯಿಯ ಕಡೆ ತಿರುಗಿ “ಅಮ್ಮಮ್ಮ, ನಾ ಹೊ... ಹೊ...” ಅಂದಳು. ಕುತ್ತಿಗೆಯ ನರ ಉಬ್ಬಿತು. ನನ್ನ ಬಾಯಿ ನನ್ನ ಮಾತು ಕೇಳಬೇಕಲ್ಲ? “ಹೊಸ್ತ್ ಉಂತಾಳಂಬ್ರ್ ಮಾಯಿ, ಉಣ್ ಅನ್ನಿ” ಅಂದುಬಿಟ್ಟೆ. ಅಲ್ಲಲ್ಲಿ ಕೆಲವರು ‘ಉಣ್ ಉಣ್’ ಅಂದು ಕೈ ಎಲೆಗೆ ಹಾಕಿದರು.

“ಕೈ ತೆಗಿನಿ ಎಲ್ಲರೂ,” ಅಂದಳು ಮಾಯಿ. ಆಮೇಲೆ ನನ್ನ ಕಡೆ ನೋಡಿ, “ನಿನ್ನ್ ಕೇಂಡದ್ ಯಾರ್ ಮಾಣಿ? ಅವ್ಳೇ ಹೇಳ್ಲಿ. ಅವ್ಳ್ ಹೇಳುವರಿಗೂ ನಾ ಉಂಬುದಿಲ್ಲ.”

ಎಲ್ಲರ ಕಣ್ಣೂ ಮಗಳ ಮೇಲೆ. ಇಪ್ಪತ್ತು ಮಂದಿ ಒಟ್ಟಿಗೆ ಬಾಯಿ ನೋಡುತ್ತಿದ್ದರೆ ನನ್ನಂಥ ಬಾಯಿಬಡುಕನಿಗೇ ಮಾತು ಹೊರಡಲಿಕ್ಕಿಲ್ಲ. ಅವಳು ಇನ್ನೆರಡು ಸಲ ಪ್ರಯತ್ನಿಸಿದಳು. ಕಣ್ಣಲ್ಲಿ ನೀರು ಬಂತು. ನನಗೆ ತಲೆಗೆ ರಕ್ತ ಏರಿತು. ‘ಮಗುವಿನ ಮಾನ ಕಳೆಯಲಿಕ್ಕೆ ಇದೇ ದಿನ ಬೇಕಾಗಿತ್ತಾ ಮಾಯಿ ನಿಮಗೆ?’ ಅಂತೇನೋ ಕೂಗಿದೆ. ಏನೇನು ಅಂದೆನೋ, ಈಗ ಸರಿಯಾಗಿ ನೆನಪಿಲ್ಲ... ನೆನಪಿದ್ದರೂ ಬರೆಯುವುದಿಲ್ಲ. ಮಗಳನ್ನು ಎತ್ತಿಕೊಂಡು ಎದ್ದೆ. ಹೊಸ್ತಿನ ಎಲೆ ಬಿಟ್ಟು ಏಳುವುದು ನಮ್ಮಲ್ಲಿ ಯಾರೂ ಮಾಡುವ ಕೆಲಸವಲ್ಲ. ಹೆಂಡತಿ ಎಲೆಗೂ ನನಗೂ ಕೈ ಮುಗಿಯುವವಳ ಹಾಗೆ ಒಂದು ಕ್ಷಣ ಕೂತಿದ್ದು, ಆಮೇಲೆ ಹಿಂದೆ ಬಂದಳು. ಹಾಲಾಡಿ ಸರ್ಕಲಿನಲ್ಲಿ ಕಾರು ನಿಲ್ಲಿಸಿ ಗೋಳಿಬಜೆ ಕೊಡಿಸಿದೆ. ಮಗಳು ಮುಟ್ಟಲಿಲ್ಲ.

ದೀಪಾವಳಿಗೆ ನಾವು ಹೋಗಲಿಲ್ಲ. ಬ್ರಹ್ಮಾವರದಲ್ಲಿರುವ ಮಾಯಿಯ ಮಗಳು, ಅವಳು ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಫೋನು ಮಾಡಿ ಮಾಡಿ ಸೋತಳು. ಹಬ್ಬದ ದಿನ ನಾವು ಮೂವರೇ ಮನೆಯಲ್ಲಿ ಮುಖ ಮುಖ ನೋಡಿಕೊಂಡು ಉಂಡೆವು. ಮಗಳು ಹಿತ್ತಿಲ ಬಾಗಿಲಿಗೂ ಮುಂದಿನ ಬಾಗಿಲಿಗೂ ನಡೆಯುತ್ತಿದ್ದಳು, ಯಾರಾದರೂ ಬರುತ್ತಾರೇನೋ ಅಂತ. ನನಗೆ ಕಾಣದೇ ಇರಲಿಲ್ಲ. ಹಟ, ನೋಡಿ... ಹಟದಲ್ಲಿ ನಾನೂ ಮಾಯಿಯ ವಂಶವೇ.

ಏಪ್ರಿಲಿನಲ್ಲಿ, ಮಗಳಿಗೆ ರಜೆ ಸಿಕ್ಕಿ ನಾಲ್ಕೈದು ದಿನ ಆಗಿರಬೇಕು, ಮಾಯಿ ತಾನೇ ಬಸ್ಸಿಳಿದು ಬಂದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಪೇಟೆಯಲ್ಲಿ ಚೌಕಾಸಿ ಮಾಡಿ ತಂದ ಮಳಿ. ನನ್ನನ್ನು ನೋಡಿಯೂ ನೋಡದ ಹಾಗೆ ಸೀದಾ ಹಿತ್ತಿಲಿಗೆ ಹೋಗಿ ಮೆಟ್ಟುಕತ್ತಿ ಎಳೆದುಕೊಂಡು ಕೂತಳು. “ಬಾ ಹೆಣ್ಣೇ, ನಂಗ್ ಕಣ್ಣ್ ಸಮ ಕಾಂತಿಲ್ಲ, ಹತ್ರ ಕೂಕೋ,” ಅಂತ ಮಗಳನ್ನು ಕರೆದಳು. ಕಣ್ಣು ಕಾಣದೇ ಏನು! ಬಸ್ಸಿನ ಬೋರ್ಡು ಅರ್ಧ ಮೈಲಿಯಿಂದ ಓದುವ ಕಣ್ಣು ಅದು.

ಎಂಟು ದಿನ ಇದ್ದಳು. ದಿನವೂ ಏನಾದರೊಂದು ನಿಧಾನದ ಕೆಲಸ. ಒಂದು ದಿನ ಮಳಿ, ಒಂದು ದಿನ ಹುಣಸೆಬೀಜ ತೆಗೆಯುವುದು, ಒಂದು ದಿನ ಉದ್ದಿನಕಾಳಿನ ಕಲ್ಲು ಆರಿಸುವುದು. ಕಣ್ಣು ಕೆಲಸದ ಮೇಲೆ, ಕೈ ಕೆಲಸದ ಮೇಲೆ. ಪಕ್ಕದಲ್ಲಿ ಮಗಳು. ಮಾಯಿ ಅವಳಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಒಂದು ಸಲವೂ ಅವಳ ಬಾಯಿ ನೋಡಲಿಲ್ಲ. ಹಟ ಹಿಡಿದು ಮಾತಾಡಿಸಲು ಬಂದಿದ್ದಾಳೆ ಅಂತ ಕಾದಿದ್ದ ನನಗೆ ನಿರಾಸೆಯೇ ಆಯಿತು ಅನ್ನಬೇಕು. ಜಗಳಕ್ಕೆ ಎಲ್ಲ ಸಿದ್ಧ ಮಾಡಿಕೊಂಡಿದ್ದೆ.

ಐದನೆಯ ದಿನ ಮಧ್ಯಾಹ್ನ ಹೋಟೆಲಿನಿಂದ ಊಟಕ್ಕೆ ಬಂದವನು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ. ಹಿತ್ತಿಲಿನಿಂದ ಮಗಳ ದನಿ ಕೇಳಿಸಿತು. ಕತೆ ಹೇಳುತ್ತಿದ್ದಳು. ಶಾಲೆಯ ಹತ್ತಿರದ ಒಂದು ಬೆಕ್ಕು ಟೀಚರಿನ ಟಿಫಿನ್ ಬಾಕ್ಸು ಬೀಳಿಸಿ ದೋಸೆ ಎತ್ತಿಕೊಂಡು ಓಡಿದ್ದು, ಮಕ್ಕಳೆಲ್ಲ ಹಿಂದೆ ಓಡಿದ್ದು, ಟೀಚರು ಆ ದಿನ ಇವಳ ಡಬ್ಬಿಯಿಂದ ಉಪ್ಪಿಟ್ಟು ತಿಂದದ್ದು. ಎಷ್ಟೊಂದು ಕಡೆ ನಿಂತಿತು ಆ ಕತೆ! ‘ಬೆ... ಬೆ...’ ಅಂತ ಬೆಕ್ಕಿನ ಹತ್ತಿರವೇ ಎಷ್ಟೋ ಹೊತ್ತು. ನನ್ನ ನಾಲಗೆಯ ತುದಿಯಲ್ಲಿ ಬೆಕ್ಕು ಕೂತಿತ್ತು. ಕೂಗಲಿಲ್ಲ, ಯಾಕೋ. ಆ ದಿನ ಮತ್ತೆ ಮಳಿ; ಮಾಯಿಯ ಕತ್ತಿಗೆ ಚಿಪ್ಪು ತಾಗುವ ಟಕ್ ಟಕ್ ಸದ್ದು ಮಾತ್ರ, ಒಂದೇ ಸಮನೆ. ಆ ಸದ್ದು ನಿಲ್ಲಲೂ ಇಲ್ಲ, ಅವಸರವೂ ಮಾಡಲಿಲ್ಲ. ಅರ್ಧ ಗಂಟೆ ಹಿಡಿದಿರಬೇಕು. ಕೊನೆಗೆ ಮಗಳು ತನ್ನ ಕತೆಗೆ ತಾನೇ ನಕ್ಕಳು. ನನ್ನ ಮಗಳ ಬಾಯಿಂದ ಒಂದು ಕತೆ ಪೂರ್ತಿ ಕೇಳಿದ್ದು ಅದೇ ಮೊದಲು. ನಾನು ಲೋಟ ಹಿಡಿದುಕೊಂಡೇ ಅತ್ತುಬಿಟ್ಟೆ, ಹೇಳಲು ಏನು ನಾಚಿಕೆ.

ಸಂಜೆ ಮಗಳು ಪಕ್ಕದ ಮನೆಗೆ ಆಡಲು ಹೋದಾಗ ಮಾಯಿಯ ಹತ್ತಿರ ಕೂತೆ. ಅವಳೇ ಶುರು ಮಾಡಿದಳು.

“ನಿನ್ನಪ್ಪಯ್ಯಂಗೂ ಇದೇ ಇದ್ದಿತ್, ಸಣ್ಣಕಿದ್ದಾಗ. ಅಂವ ಬಾಯಿ ತೆಗೂಕಿಲ್ಲ, ನಾನೇ ಹೇಳಿ ಮುಗ್ಸುದ್. ಪಾಪ ಅಂದೇಳಿ. ಹಸಿವಾದ್ರೂ ನಾನೇ, ಜ್ವರ ಬಂದ್ರೂ ನಾನೇ. ಹೊಸ್ತ್ ಉಂಬತ್ತಿಗೂ ಅಂವನ ಬದ್ಲ್ ನಾನೇ ಕೇಂಬುದ್. ಹೆಣ್ಣ್ ಕಾಂಬುಕ್ ಹೋದಲ್ಲೂ ನಾನೇ ಮಾತಾಡದ್. ಕಡಿಗೆ ಅಂವ ಮಾತಾಡುದೇ ಬಿಟ್ಟ. ಮಾಡದ್ ಯಾರ್ ಮಾಣಿ? ನಾನೇ ಅಲ್ದಾ?”

ಅಪ್ಪಯ್ಯನಿಗೆ ಮಾತು ತಡೆಯುತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ‘ಹೂಂ’, ‘ಆಯ್ತ್’, ನೋಡೋಣ ಅನ್ನಲು ‘ಕಾಂಬ’. ಅವರ ಬಾಯಲ್ಲಿ ನಾನು ಕೇಳಿದ್ದು ಇಂಥ ನಾಲ್ಕು ಮಾತು. ತಡೆಯದೆ ಬರುವ ಮಾತುಗಳನ್ನು ಮಾತ್ರ ಆರಿಸಿಟ್ಟುಕೊಂಡಿದ್ದರು ಅಂತ ಈಗ ತಿಳಿಯುತ್ತದೆ. ಊರವರು ‘ಗತ್ತಿನ ಮನುಷ್ಯ’ ಅನ್ನುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಅವರು ಗಂಟಲು ಸರಿಮಾಡಿಕೊಂಡರೆ ಸಿಟ್ಟು ಬಂದಿದೆ ಅಂತ ನಾವು ಮಕ್ಕಳು ಜಾಗ ಖಾಲಿ ಮಾಡುತ್ತಿದ್ದೆವು. ನಾನು ಮುಂಬೈಗೆ ಹೊರಟ ದಿನ ಕುಂದಾಪುರ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಬಸ್ಸು ಹೊರಡುವ ಮೊದಲು ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದು, ನನ್ನ ಮುಖವನ್ನೇ ನೋಡಿದರು. “ಗೊತ್ತಾಯ್ತ್ ಅಪ್ಪಯ್ಯ, ಹೋದ್ಕೂಡ್ಲೇ ಕಾಗ್ದ ಬರಿತೆ,” ಅಂತ ನಾನು ಬಸ್ಸು ಹತ್ತಿದೆ. ಅವರು ಹೇಳಲು ಹೊರಟದ್ದು ಕಾಗದದ ಮಾತೇ ಆಗಿತ್ತೋ, ಬೇರೆ ಏನೋ... ನಾನು ಊರಿಗೆ ವಾಪಸಾಗುವ ಹೊತ್ತಿಗೆ ಅವರಿರಲಿಲ್ಲ.

ಮಾಯಿಗೆ ಇದನ್ನು ಹೇಳಿದೆ. ಅವಳು ನನ್ನ ಮಾತು ಮುಗಿಯುವ ತನಕ ಸುಮ್ಮನಿದ್ದಳು. ಹೊಸ್ತಿನ ದಿನ ಎಲ್ಲರೆದುರು ಮಗುವನ್ನು ಒತ್ತಾಯಿಸಿದ್ದು ತಪ್ಪಾಯಿತು ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ಎಲೆ ಬಿಟ್ಟು ಎದ್ದದ್ದು ತಪ್ಪಾಯಿತು ಅಂತ ನಾನೂ ಹೇಳಲಿಲ್ಲ. ಎಂಟನೆಯ ದಿನ ಬಸ್ಸು ಹತ್ತಿಸುವಾಗ “ಹೊಸ್ತಿಗ್ ಬೇಗ ಬಾ,” ಅಂದಳು. “ಎಂಟಕ್ಕೇ ಬತ್ತೆ,” ಅಂದೆ.

ಆ ವರ್ಷದ ಹೊಸ್ತಿಗೆ ಏಳೂವರೆಗೇ ಹೋದೆವು. ಸಾಲಿನಲ್ಲಿ ಕೂರುವ ಮೊದಲು ಮಾಯಿ ಎಲ್ಲರಿಗೂ ಒಂದೊಂದು ಹಲಸಿನ ಹಪ್ಪಳ ಕೊಟ್ಟು, ಪಾಯಸಕ್ಕೆ ಪುಡಿ ಮಾಡಿ ಇಟ್ಟುಕೊಳ್ಳಿ, ತಲೆ ಎತ್ತಬೇಡಿ ಅಂತ ಅಪ್ಪಣೆ ಮಾಡಿದ್ದಳು. ಊಟ ಶುರುವಾಗುವ ಮೊದಲೇ ಪಾಯಸಕ್ಕೆ ಹಪ್ಪಳ ಪುಡಿ ಮಾಡಿಟ್ಟುಕೊಂಡದ್ದನ್ನು ನಾನು ಎಲ್ಲೂ ಕಂಡಿಲ್ಲ. ಇಪ್ಪತ್ತಮೂರು ಮಂದಿ ದೊಡ್ಡವರು, ತಲೆ ತಗ್ಗಿಸಿ, ಹಪ್ಪಳ ಮುರಿಯುತ್ತ ಕೂತಿದ್ದೆವು. ಮಗಳು ಶುರು ಮಾಡಿದಳು. “ಅಮ್ಮಮ್ಮ, ನಾ ಹೊ... ಹೊ... ಹೊ...” ನನ್ನ ಹೆಂಡತಿ ನನ್ನ ಮಣಿಕಟ್ಟು ಹಿಡಿದಳು. ಹಪ್ಪಳ ಮುರಿಯುವ ಸದ್ದು. ಮಗಳು ನಿಂತಳು, ಉಸಿರು ಎಳೆದುಕೊಂಡಳು. “...ಹೊಸ್ತ್ ಉಂತೆ.”

“ಉಣ್ ಮಗಾ, ಹೊಟ್ಟಿ ತುಂಬ ಉಣ್,” ಅಂದಳು ಮಾಯಿ.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಮಗಳು ಪಕ್ಕದವರ ಕಡೆ ತಿರುಗಿದಳು! ಹಿಂದಿನ ಕಾಲದಲ್ಲಿ ಸಾಲಿನ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು ಅಂತ ಮಾಯಿ ಅವಳಿಗೆ ಹೇಳಿದ್ದಳಂತೆ. ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಸಾರಿನ ಮೇಲೆ ಕೆನೆ ಕಟ್ಟಿತು. ಶಿರೂರಿನ ಭಾವಮೈದ ‘ಇನ್ನು ಹೊಸ್ತು ಹಳತಾಗುತ್ತದೆ’ ಅಂತ ಗೊಣಗಿ ಮಾಯಿಯ ಕಣ್ಣಿಗೆ ಬಿದ್ದು ತೆಪ್ಪಗಾದ. ನನ್ನ ಸರದಿ ಬಂತು. “ಅಪ್ಪ, ನಾ ಹೊ...” ಅಂದದ್ದೇ ತಡ, ಹೋಟೆಲಿನ ಬಾಯಿ, “ಉಣ್ ಮಗಾ” ಅಂದುಬಿಟ್ಟೆ. ಮಗಳು ಕೈ ಅಡ್ಡ ಹಿಡಿದಳು. “ಇ... ಇನ್ನೂ ಹೇಳಿ ಆಯ್ಲಿಲ್ಲ!” ಇಡೀ ಸಾಲು ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಜೋರಾಗಿ ಮಾಯಿ. ಮಗಳು ಮೊದಲಿನಿಂದ ಹೇಳಿ ಮುಗಿಸಿದಳು. ತಣ್ಣಗಿನ ಅನ್ನ, ತಣ್ಣಗಿನ ಸಾರು. ಅಷ್ಟು ರುಚಿಯಾಗಿ ನಾನು ಯಾವ ಹಬ್ಬದಲ್ಲೂ ಉಂಡಿಲ್ಲ.

ಮಗಳ ಮಾತು ಇವತ್ತಿಗೂ ತಡೆಯುತ್ತದೆ. ಅದು ವಾಸಿಯಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಬೆರಳು ತೋರಿಸುವುದು ನಿಂತಿದೆ, ಅವಳ ಪಾಲಿನ ಮಾತು ಈಗ ಅವಳದೇ. ಬಾಯಿಯಲ್ಲಿ ಅಪ್ಪನ ಮಗಳು ಅಂತ ಟೀಚರಿನಿಂದ ದೂರು ಬಂದಾಗ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಇವಳು ಹುಟ್ಟದೇ ಇದ್ದಿದ್ದರೆ ನನ್ನ ಅಪ್ಪಯ್ಯನನ್ನು ಗತ್ತಿನ ಮನುಷ್ಯ ಅಂತಲೇ ತಿಳಿದು ನಾನೂ ಒಂದು ದಿನ ಹೋಗಿಬಿಡುತ್ತಿದ್ದೆ. ಈ ಋಣ ಇವಳಿಗೆ ಹೇಗೆ ಹೇಳುವುದೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾಯಿ ಹೋಗಿ ಎರಡು ಮಳೆಗಾಲ ಆಯಿತು. ವರ್ಷದೊಳಗೆ ಹಬ್ಬ ಮಾಡುವಂತಿಲ್ಲವಾದ್ದರಿಂದ ಹೋದ ಸಲ ಆ ಮನೆಯಲ್ಲಿ ಕದಿರು ಕಟ್ಟಲಿಲ್ಲ, ಯಾರೂ ಸೇರಲಿಲ್ಲ. ಈ ವರ್ಷ ಬ್ರಹ್ಮಾವರದಿಂದ ಮಾಯಿಯ ಮಗಳು ಬಂದು ಬಾಗಿಲು ತೆಗೆದು, ಗುಡಿಸಿ, ಎಲ್ಲರನ್ನೂ ಕರೆದಳು. ತಡವಾಗಿ ಬಂದವರನ್ನು ಕೇಳುವವರು ಇರಲಿಲ್ಲ. ಆದರೂ ಎಲ್ಲರೂ ಎಂಟಕ್ಕೇ ಬಂದಿದ್ದರು.

ಸಾಲು ಕೂತಿತು. ಚಿಕ್ಕವರಿಂದ ಶುರುವಾಗಿ ಒಬ್ಬೊಬ್ಬರೇ ಕೇಳಿದರು, ಹಿರಿಯರು ಉಣ್ ಅಂದರು. ಕೊನೆಗೆ ನನ್ನ ಹತ್ತಿರ ಬಂತು. ನಾನು ಅಭ್ಯಾಸಬಲದಿಂದ ಬಲಕ್ಕೆ ತಿರುಗಿದೆ. ಅಲ್ಲಿ ಗೋಡೆ. ಆ ಸಾಲಿನಲ್ಲಿ ನನಗಿಂತ ದೊಡ್ಡವರು ಒಬ್ಬರೂ ಇಲ್ಲ ಅನ್ನುವುದು ಆ ಕ್ಷಣದವರೆಗೂ ನನಗೆ ಹೊಳೆದೇ ಇರಲಿಲ್ಲ. ಐವತ್ತು ವರ್ಷ ಯಾರನ್ನೋ ಕೇಳಿ ಉಂಡವನು... ಇನ್ನು ಯಾರನ್ನು ಕೇಳುವುದು? ಅನ್ನಕ್ಕೆ ಕೈ ಹಾಕಿದವನಿಗೆ ಕೈ ಮೇಲಕ್ಕೆ ಬರಲಿಲ್ಲ. ಗೋಡೆಯ ಮೇಲೆ ಮಾಯಿಯ ಹೊಸ ಫೋಟೋ ಇತ್ತು, ನೋಡಲು ಧೈರ್ಯ ಬರಲಿಲ್ಲ.

“ಅಪ್ಪ,” ಅಂದಳು ಮಗಳು, ಸಾಲಿನ ಆ ತುದಿಯಿಂದ. “ನೀ... ನೀ... ನೀ...”

ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನಾನು ತಲೆ ತಗ್ಗಿಸಿ ಕಾದೆ.

“ನೀನ್ ಉಣ್,” ಅಂದಳು.

ಉಂಡೆ.